ಕಂಡಿಕೆ ಮುಗಿದಾಗ

ಅವ್ವ ಶಹಾಪುರದ ನಮ್ಮ ಮನೆಯಲ್ಲಿ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದಳು. ಲಾಳಿಯೊಳಗಿನ ನೂಲಿನ ಕಂಡಿಕೆ ಖಾಲಿಯಾದಾಗಲೆಲ್ಲ ಕೈ ತಡೆದು, ಬಾಗಿಲಾಚೆ ಓಣಿಯ ಕೊನೆಯ ಬೇವಿನ ಮರವನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಹೊಸ ಕಂಡಿಕೆ ಹಾಕುವಳು.

"ಕಂಡಿಕಿ ಮುಗೀತಂದ್ರ ಕಣ್ಣು ಹೊರಗ ಬಿಡಬೇಕವಾ. ಅಡ್ಡಾಡಿ ಬರ್ಲಿ" ಎನ್ನುತ್ತಿದ್ದಳು.

ಎಂಬತ್ತರ ದಶಕದ ಕೊನೆಗೆ ಎಂ.ಎ. ಮುಗಿಸಿದ ನನಗೆ ಟಿಳಕವಾಡಿಯ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು. ಒಂದು ವರ್ಷ ತಾತ್ಕಾಲಿಕ. ಪವರ್‌ಲೂಮು ಬಂದ ಮೇಲೆ ಅವ್ವನ ಸೀರೆ ಕೇಳುವವರು ಕಡಿಮೆಯಾಗಿದ್ದರು. ನನ್ನ ಕಚೇರಿ ಕೆಲಸ ಉಳಿಯಲೇಬೇಕಿತ್ತು. ಖಾನಾಪುರ ತಾಲೂಕಿನ ಹಳ್ಳಿಗಳಿಂದ ಬಂದ ಪಡಿತರ ಚೀಟಿಯ ಅರ್ಜಿಗಳನ್ನು ನೋಡಿ ಟೈಪು ಮಾಡುವುದು. ಅರ್ಜಿಯ ಮೇಲೆ ಮಾಸಿದ ಪೆನ್ಸಿಲ್ ಬರಹ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಯಂತ್ರಕ್ಕೆ ಧೂಳು ಆಗದೆಂದು ಚಪ್ಪಲಿ ಹೊರಗೆ ಬಿಡಬೇಕು. ಕಿಟಕಿಗಳಿಗೆ ದಪ್ಪ ಬಟ್ಟೆ ಇಳಿಬಿಟ್ಟಿದ್ದರು.

ಮೂರನೆಯ ತಿಂಗಳಿಗೆ ಕಣ್ಣು ಉರಿಯತೊಡಗಿತು. ಸಂಜೆ ಮನೆಗೆ ಬಂದರೆ, ದಿನವೆಲ್ಲ ಹಸಿರು ನೋಡಿದ ಕಣ್ಣಿಗೆ ತಟ್ಟೆಯ ಅನ್ನ ನಸುಗೆಂಪಾಗಿ ಕಾಣುತ್ತಿತ್ತು. ಅವ್ವನ ರೂಢಿಯನ್ನೇ ಹಿಡಿದೆ. ಒಂದೊಂದು ಹಳ್ಳಿಯ ಅರ್ಜಿಗಳ ಕಟ್ಟು ಮುಗಿದಾಗ ಎದ್ದು, ಕಿಟಕಿಯ ಬಟ್ಟೆಯನ್ನು ನಾಲ್ಕು ಬೆರಳಿನಷ್ಟು ಸರಿಸಿ ರಸ್ತೆಯಾಚೆ ನೋಡುತ್ತಿದ್ದೆ. ಹಲಸಿ ಊರಿನ ಕಟ್ಟು ಮುಗಿದ ದಿನ ಸಾಹೇಬರು ಹಿಂದೆ ಬಂದು ನಿಂತಿದ್ದರು.

"ಏನ್ರೀ ಬಾಯಾರ, ದಾರಿ ಕಾಯಾಕತ್ತೀರೇನು? ಬರಾವ್ರು ಯಾರಂತ ನಮಗೂ ಹೇಳ್ರಲಾ."

ಎಲ್ಲರೂ ನಕ್ಕರು. ಕಣ್ಣಿಗಾಗಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಟ್ಟೆಯನ್ನು ಮೊದಲಿದ್ದಂತೆ ಎಳೆದು ಕೂತೆ. ಮತ್ತೆಂದೂ ಏಳಲಿಲ್ಲ.

ತಲೆನೋವು ತಡೆಯದಾದಾಗ ಕಣ್ಣಿನ ಡಾಕ್ಟರರ ಬಳಿ ಹೋದೆ. ಅವರು ರೆಪ್ಪೆ ಎತ್ತಿ ನೋಡಿದರು.

"ಕಣ್ಣು ಮಿಟಕಸೂದ ಮರತಬಿಟ್ಟೀರಿ ನೀವು. ಚಷ್ಮಾ ಒಂದ ಸಾಲೂದಿಲ್ಲ. ಕಿಡಕಿ ಬಾಜು ಕುಂದರ್ರಿ, ನಡುನಡುವ ದೂರ ನೋಡ್ರಿ. ನಿಮ್ಮ ಸಾಹೇಬ್ರಿಗೆ ಚೀಟಿ ಬರದ ಕೊಡ್ಲೇನು?"

"ಬ್ಯಾಡ್ರಿ" ಎಂದೆ. ಕಣ್ಣು ಸರಿಯಿಲ್ಲವೆಂದು ಸಾಹೇಬರಿಗೆ ಗೊತ್ತಾದರೆ ವರ್ಷ ತುಂಬಿದಾಗ ತೆಗೆದುಹಾಕಲು ಅದೇ ನೆಪವಾಗುತ್ತಿತ್ತು. ಗೊತ್ತಾಗದಿದ್ದರೆ ಕಿಟಕಿ ಪಕ್ಕದ ಜಾಗವಿಲ್ಲ. ಅವ್ವ ದಿನವೂ ಕೇಳುತ್ತಿದ್ದಳು, "ಹೊರಗ ನೋಡ್ತೀ ಹೌದಿಲ್ಲೊ?" ನಾನು "ಹ್ಞೂಂ" ಅನ್ನುತ್ತಿದ್ದೆ.

ವರ್ಷ ತುಂಬಿತು, ಕೆಲಸ ಕಾಯಂ ಆಯಿತು. ಆದೇಶ ಕೈಗೆ ಬಂದ ದಿನ ಸಂಜೆ ಮಗ್ಗದಲ್ಲಿ ಒಂದು ಎಳೆ ಹರಿಯಿತು. ಅವ್ವನಿಗೆ ವಯಸ್ಸಾಗಿ ಹತ್ತಿರದ್ದು ಕಾಣುತ್ತಿರಲಿಲ್ಲ. ಹರಿದ ಎಳೆಯ ತುದಿ ಹುಡುಕಿ ಗಂಟು ಹಾಕುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಬಾಗಿ ನೋಡಿದೆ. ಎಳೆಗಳೆಲ್ಲ ನನ್ನ ಕಣ್ಣಿಗೆ ಒಂದರೊಳಗೊಂದು ಕೂಡಿಕೊಂಡಂತೆ ಕಂಡವು.

"ಸಿಕ್ತೇನವಾ?"

"ತಡಿ."

ಅವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕೈಯ ಪಕ್ಕಕ್ಕೆ ತನ್ನ ಕೈಯನ್ನೂ ತಂದು, ಬೆರಳಿನಿಂದ ತಡವುತ್ತ ತುದಿಯನ್ನು ಹುಡುಕತೊಡಗಿದಳು.