ಎಣ್ಣೆ ಬಿಟ್ಟ ಮೂಗು

ಮೊನ್ನೆ ಪಕ್ಕದ ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸುತ್ತಿದ್ದರು. ಆ ಘಮಲು ನಮ್ಮ ಹಜಾರಕ್ಕೆ ಬಂದದ್ದೇ ತಡ, ಮಂಡ್ಯದ ಲ್ಯಾಬ್ ಮೇಡಂ ಕಣ್ಣ ಮುಂದೆ ಬಂದು ನಿಂತರು...

ಆಗ ಮಗ ಇನ್ನೂ ಚಿಕ್ಕವನು. ಮಗಳು ಬಾಣಂತಿ ಕೋಣೆಯ ಹಸುಗೂಸು. ಮಗ ಕೆಮ್ಮಲು ಹಿಡಿದರೆ ಮುಖ ಕೆಂಪಾಗಿ, ಉಸಿರೆಳೆಯುವಾಗ ಗಂಟಲಲ್ಲಿ ಕೂಗು ಹಾಕಿದಂಥ ಸದ್ದು, ಕೊನೆಗೆ ವಾಂತಿ. ‘ಬರೀ ಶೀತವಾದರೆ ಚಿಂತೆಯಿಲ್ಲ. ನಾಯಿಕೆಮ್ಮಾಗಿದ್ದರೆ ಮನೆಯಲ್ಲಿರೋ ಕೂಸಿನ ಜೀವಕ್ಕೇ ಅಪಾಯ’ ಎಂದು ಮಕ್ಕಳ ಡಾಕ್ಟರು, ಮನೆಯಲ್ಲಿ ಹಸುಗೂಸಿದೆ ಎಂಬುದನ್ನೂ ಚೀಟಿಯಲ್ಲಿ ಸೇರಿಸಿ ಟೆಸ್ಟಿಗೆ ಬರೆದುಕೊಟ್ಟರು. ಅವ್ವನನ್ನೂ ಕರೆದುಕೊಂಡು ಆತಗೂರಿನಿಂದ ಮಂಡ್ಯಕ್ಕೆ ಬಸ್ಸು ಹತ್ತಿದೆ.

ಮೇಡಂ ಮಗನ ಗದ್ದ ಎತ್ತಿ, ಟಾರ್ಚ್ ಬಿಟ್ಟು ನೋಡಿದವರೇ ಟೆಸ್ಟಿಗೆ ಸಿಂಬಳ ತೆಗೆಯಲು ಕೈಲಿ ಹಿಡಿದಿದ್ದ ಕಡ್ಡಿಯನ್ನು ಕೆಳಗಿಟ್ಟರು.

‘ಮೂಗಿಗೆ ಏನ್ ಬುಟ್ಟಿದ್ದೀರ?’

‘ಬೆಳ್ಳುಳ್ಳಿ ಎಣ್ಣೆ ಕಣಮ್ಮ’ ಎಂದಳು ಅವ್ವ. ‘ಆಸ್ಪತ್ರೆಗೆ ಓಗೋ ಮಗ, ಮೂಗ್ ಸುರುಸ್ಕಂಡು ಓಗದಾ ಅಂತ ಚೆನ್ನಾಗ್ ತೊಳ್ದು ಒಂದೊಂದ್ ತೊಟ್ಟು ಬುಟ್ಟೆ.’

‘ನಂಗ್ ಬೇಕಾದ್ದನ್ನೇ ತೊಳ್ದ್‌ಬುಟ್ಟಲ್ಲವ್ವ’ ಎಂದು ನಕ್ಕರು. ಎಣ್ಣೆ ಸೇರಿದರೆ ಮಿಷನ್ನಿಗೆ ರೋಗಾಣು ಸಿಗದೆ ಹೋಗಬಹುದಂತೆ. ನಾಳೆ ಏನೂ ಹಾಕದೆ ಬನ್ನಿ ಎಂದರು.

ನನಗೆ ರೇಗಿತು. ‘ಇವತ್ತೇ ತಗೊಂಬುಡಿ ಮೇಡಂ. ಇದ್ರೆ ಇರ್ತದೆ, ಇಲ್ದಿದ್ರೆ ಇಲ್ಲ.’

‘ಇಲ್ಲ ಅಂತ ಬಂತು ಅಂತಿಟ್ಕಳಿ ಅಣ್ಣ. ನೆಮ್ಮದಿಯಾಗಿ ಓಗಿ ಇವ್ನ ಕೂಸಿನ್ ಪಕ್ಕ ಮಲಗುಸ್ತೀರ. ಅಂಥ ರಿಪೋರ್ಟ್ ನಾ ಕೊಡಾಕಿಲ್ಲ.’

ಅವರೇ ಡಾಕ್ಟರಿಗೆ ಫೋನು ಹಚ್ಚಿದರು. ಡಾಕ್ಟರು ಹೇಳಿದಂತೆ ಬಾಣಂತಿಯನ್ನೂ ಕೂಸನ್ನೂ ಅಂದೇ ಮದ್ದೂರಿಗೆ, ಹೆಂಡತಿಯ ತವರಿಗೆ ಕಳಿಸಿದೆ.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಮೊಮ್ಮಗನ ಮೂಗು ತುಟಿಗಿಳಿಯುತ್ತಿತ್ತು. ಜನ ನೋಡುತ್ತಿದ್ದರೂ ಒರೆಸದೆ, ಅವ್ವ ತನ್ನ ಸೆರಗನ್ನು ಬಿಗಿಯಾಗಿ ಹಿಡಿದು ಕೂತಿದ್ದಳು ಪಾಪ.

ಮೇಡಂ ಮಗನಿಗೆ ಕಡ್ಡಿ ತೋರಿಸಿದರು. ‘ವಸಿ ನೋಯ್ತದೆ ಕಣ್ಲಾ. ಬೇಕಾದ್ರೆ ನಂಗೊಂದು ಒಡಿ.’ ಹೊಡೆದೇಬಿಟ್ಟ. ಕನ್ನಡಕ ಹಾರಿ ಬಿತ್ತು. ಮೇಡಂ ಕೈ ಮಾತ್ರ ಅಲುಗಲಿಲ್ಲ... ಮೂಗಿನ ಆಳಕ್ಕಿಳಿದ ಕಡ್ಡಿ ಮೆಲ್ಲಗೆ ತಿರುಗಿ ಹೊರಬಂತು. ಅಂಥ ಕೈಯನ್ನು ನಾನು ಮತ್ತೆ ಕಂಡಿಲ್ಲ.

ಸಂಜೆಗೆ ರಿಪೋರ್ಟ್ ಬಂತು. ನಾಯಿಕೆಮ್ಮೇ. ಮದ್ದೂರಿನಲ್ಲಿ ಕೂಸಿಗೂ ರೋಗ ಅಂಟದಿರಲೆಂದು ಔಷಧಿ ಶುರುವಾಯಿತು. ಮಗ ನಿಧಾನಕ್ಕೆ ಗುಣವಾದ. ಕೂಸು ಒಮ್ಮೆಯೂ ಕೆಮ್ಮಲಿಲ್ಲ.

ನಿನ್ನೆ ಮಗಳನ್ನು ಕರೆದುಕೊಂಡು ಆ ಲ್ಯಾಬಿಗೆ ಹೋಗಿದ್ದೆ, ಮೇಡಂಗೆ ತೋರಿಸೋಣವೆಂದು. ಅವರ ಜಾಗದಲ್ಲಿ ಬೇರೊಬ್ಬ ಹುಡುಗಿ ಇದ್ದಳು. ‘ಅವ್ರು ತೀರ್ಕೊಂಡು ವರ್ಷ ಆಯ್ತಲ್ಲ ಸಾರ್’ ಎಂದಳು.

ಮೆಟ್ಟಿಲಿಳಿಯುವಾಗ ಮಗಳು ಕೇಳಿದಳು, ‘ಅವ್ರು ನನ್ನ ನೋಡಿದ್ರಾ ಅಪ್ಪ?’

‘ಇಲ್ಲ ಕಣವ್ವ’ ಎಂದೆ. ‘ಮನೇಲಿ ನೀನಿದ್ದೀಯ ಅಂತ ಗೊತ್ತಿತ್ತು, ಅಷ್ಟೇ.’