ಟಿವಿ ಕೆಳಗಿನ ಪೆಟ್ಟಿಗೆಯೂ ನನ್ನ ನೀಲಿ ಗವಸೂ

ನಾನು ಸಂಸಾರ ಮಾಡಿದ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದ ವಸ್ತು ಯಾವುದೂ ಇರಲಿಲ್ಲ. ಮಿಕ್ಸಿಗೆ ಗವಸು, ಹೊಲಿಗೆ ಯಂತ್ರಕ್ಕೆ ಗವಸು, ಫೋನಿಗೆ ಗವಸು, ಟಿವಿ ರಿಮೋಟಿಗೂ ಒಂದು ಪುಟ್ಟ ಅಂಗಿ. ಕೈಯಲ್ಲಿ ಉಣ್ಣೆಯೂ ಕಡ್ಡಿಯೂ ಇಲ್ಲದೆ ಕೂತರೆ ನನಗೆ ಏನೋ ಕಳೆದುಕೊಂಡ ಹಾಗೆ. ನಾನು ಎರಡು ನಿಮಿಷ ಅಲ್ಲಾಡದೆ ನಿಂತರೆ ಇವಳು ನನಗೂ ಒಂದು ಗವಸು ಹಾಕಿ ಮೂಲೆಗಿಡುತ್ತಾಳೆ ಅಂತ ನಮ್ಮ ಯಜಮಾನರು ಇದ್ದಾಗ ಹೇಳುತ್ತಿದ್ದರು. ಆದರೆ ನಾನು ಹೇಳಹೊರಟಿದ್ದು ಗವಸಿನ ಮಾತಲ್ಲ, ನಮ್ಮ ಅಳಿಯಂದಿರ ಮಾತು. ಗವಸು ಆಮೇಲೆ ತಾನಾಗಿಯೇ ಬರುತ್ತದೆ, ಬರದೆ ಎಲ್ಲಿಗೆ ಹೋಗುತ್ತದೆ.

ಅಳಿಯಂದಿರು ಲಿಫ್ಟ್ ಮೆಕ್ಯಾನಿಕ್. ಹಳೆಯ ಕಟ್ಟಡದ ಲಿಫ್ಟುಗಳೆಲ್ಲ ಅವರ ಪಾಲಿಗೆ. ಅವರಿಗೆ ಮಾತು ಕಡಿಮೆ, ಕಿವಿ ಹೆಚ್ಚು. ಒಮ್ಮೆ ನನ್ನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದರು. ಆ ಕಟ್ಟಡದ ಲಿಫ್ಟಿನಲ್ಲಿ ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಪಕ್ಕದಲ್ಲಿದ್ದ ಹೆಂಗಸು ಇವರಿಗೆ ತಲೆ ಸುತ್ತುತ್ತಿದೆ ಎಂದುಕೊಂಡು ನೀರಿನ ಬಾಟಲಿ ಮುಂದೆ ಹಿಡಿದಳು. ನೀರು ಕುಡಿದು, ಥ್ಯಾಂಕ್ಸ್ ಹೇಳಿ, ಕೆಳಗಿಳಿದ ಮೇಲೆ ಕಾವಲುಗಾರನನ್ನು ಕರೆದು ಮೇಲಿನ ಚಕ್ರದ ಬೇರಿಂಗ್ ಸವೆದಿದೆ, ಈ ವಾರವೇ ತೋರಿಸಿ ಅಂದರು. ಜನ ಗಮನಿಸದೇ ಇಳಿದು ಹೋಗುವ ಲಿಫ್ಟು ಒಳ್ಳೆಯ ಲಿಫ್ಟು, ಎನ್ನುವುದು ಅವರ ಲೆಕ್ಕ. ಮದುವೆಯಾದ ಹೊಸತರಲ್ಲಿ ಮಗಳು ಗೊಣಗುತ್ತಿದ್ದಳು, ಈ ಮನುಷ್ಯನೂ ಹಾಗೇ ಅಮ್ಮ, ಮನೆಯಲ್ಲಿದ್ದಾರೋ ಇಲ್ಲವೋ ಗೊತ್ತೇ ಆಗಲ್ಲ ಅಂತ.

ಅವರಿಗಿದ್ದ ಚಟ ಒಂದೇ, ಕಂಪ್ಯೂಟರಿನಲ್ಲಿ ಆಟ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದೇ ಕುರ್ಚಿ, ಪ್ರಯಾಣದ ಪೆಟ್ಟಿಗೆಯಷ್ಟು ದೊಡ್ಡ ಕಂಪ್ಯೂಟರು. ಕೆಂಪು ಹಸಿರು ದೀಪ ಬೇರೆ. ಓಡತೊಡಗಿದರೆ ಹಿಟ್ಟಿನ ಗಿರಣಿಯ ಸದ್ದು. ಊಟವಾದ ಮೇಲೆ ಅವರು ಕಿವಿಗೆ ಹೆಡ್‌ಫೋನ್ ಏರಿಸಿ ಅಲ್ಲಿ ಕೂತರೆ ಮಗಳು ಹಾಲ್‌ನಲ್ಲಿ ಒಬ್ಬಳೇ ಟಿವಿ ಮುಂದೆ. ಅವಳು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಟೋಕನ್ ಗಂಟೆ, ಜನರ ಗಲಾಟೆ. ಮನೆಗೆ ಬಂದರೆ ಅವಳಿಗೆ ಸದ್ದೇ ಬೇಡ. ಜಗಳವೇನೂ ಇರಲಿಲ್ಲ. ಒಂದು ಗೋಡೆ ಇತ್ತು, ಅಷ್ಟೆ.

ಆ ಗೋಡೆಯ ಆಚೆಗೆ ಬಂದು ಸೇರಿಕೊಂಡವಳು ನಾನು. ಮಂಡಿಯ ಆಪರೇಷನ್ ಆಯಿತಲ್ಲ, ನನ್ನ ಮನೆ ಮೂರನೆಯ ಮಹಡಿ, ಅಲ್ಲಿ ಲಿಫ್ಟಿಲ್ಲ. ಅಳಿಯ ಲಿಫ್ಟಿನವರು, ಅತ್ತೆಯ ಮನೆಗೆ ಲಿಫ್ಟಿಲ್ಲ, ನೋಡು ಹೇಗಿದೆ. ಮಗಳು ಬಂದುಬಿಡು ಅಂದಳು. ಅವರ ಮನೆಯಲ್ಲಿ ಇನ್ನೊಂದು ಕೋಣೆ ಅಂದರೆ ಆ ಹಿಂದಿನ ಕೋಣೆಯೇ. ನಾನು ಬರುವಷ್ಟರಲ್ಲಿ ಮಂಚ ಹಾಕಿ, ಗೋಡೆಗೆ ಹಿಡಿಕೆ ಬಡಿದು, ಮೇಜು ಎತ್ತಿಯಾಗಿತ್ತು. ಕಂಪ್ಯೂಟರು ಬಾಲ್ಕನಿಯಲ್ಲಿ ಚಪ್ಪಲಿ ಗೂಡಿನ ಪಕ್ಕ ಹಳೇ ಬೆಡ್‌ಶೀಟ್ ಹೊದ್ದು ಕೂತಿತ್ತು. ನಾನು ಸಂಕೋಚದಿಂದ ಏನೋ ಹೇಳಹೋದೆ. ಅವರು ಅಂದದ್ದು ಇಷ್ಟೇ:

"ಅತ್ತೆ, ಆ ಕೋಣೆಗೆ ಬೆಳಗಿನ ಬಿಸಿಲು ಬರುತ್ತೆ. ಕಂಪ್ಯೂಟರಿಗೆ ಬಿಸಿಲು ಯಾಕೆ ಹೇಳಿ?"

ಹಾಗಂದವರು ಮೂರು ವಾರ ಹಾಲ್‌ನಲ್ಲಿ ಸುಮ್ಮನೆ ಕೂತರು. ಕೈಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಪೇಪರು ಮಡಿಸುವುದು, ಬಿಡಿಸುವುದು. ನಾನು ಕಡ್ಡಿ ಹಿಡಿದು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಕೈ ಖಾಲಿಯಿದ್ದರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮನುಷ್ಯನಿಗಿದ್ದ ಒಂದು ಸಂತೋಷವನ್ನು ನಾನು ಕಿತ್ತುಕೊಂಡು ಬಿಸಿಲು ಕಾಯುತ್ತಿದ್ದೇನೆ ಅನ್ನಿಸಿ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಇಳಿಯುತ್ತಿರಲಿಲ್ಲ ಅಂದರೆ, ಸ್ವಲ್ಪ ನಿಧಾನವಾಗಿ ಇಳಿಯುತ್ತಿತ್ತು.

ಒಂದು ದಿನ ಅವರು ಚಪ್ಪಲಿ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ತಂದರು. ಬಾಲ್ಕನಿಯ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಬಿಚ್ಚಿ ಇದಕ್ಕೆ ಕೂರಿಸಿದರು. ಹಿಡಿಸದೇ ಹೋದದ್ದನ್ನು ಬದಲಾಯಿಸಿಕೊಂಡು ಬಂದರು. ಚಿಕ್ಕ ಫ್ಯಾನುಗಳನ್ನು ತೆಗೆದು ದೊಡ್ಡದೊಂದನ್ನು ಹಾಕಿದರು. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೂ ಸಾಕಂತೆ, ಸದ್ದಿಲ್ಲವಂತೆ. ನಾಲ್ಕು ಸಂಜೆಯ ಕೆಲಸ. ಊಟದ ಮೇಜಿನ ತುಂಬ ಸ್ಕ್ರೂ. ಕೊನೆಗೆ ಅದನ್ನು ಟಿವಿ ಸ್ಟ್ಯಾಂಡಿನ ಕೆಳಗಿನ ಗೂಡಿಗೆ ತಳ್ಳಿದರೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಮಗಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕೌಂಟರಿನವಳಲ್ಲವೇ, ಷರತ್ತು ಹೇಳುವುದು ಅವಳಿಗೆ ನೀರು ಕುಡಿದ ಹಾಗೆ. ಹಾಲ್‌ನಲ್ಲಿ ಒಂದು ವೈರೂ ಕಾಣಬಾರದು, ಸೋಫಾದ ಮೇಲೆ ಕೀಬೋರ್ಡ್ ಇರಬಾರದು, ಅವಳ ಕಿವಿಗೆ ಪೆಟ್ಟಿಗೆಯ ಸದ್ದು ಕೇಳಬಾರದು. ಒಂದು ತಿಂಗಳು ನೋಡುತ್ತಾಳೆ. ಕೇಳಿಸಿತೋ, ಪೆಟ್ಟಿಗೆ ಮನೆಯಿಂದ ಹೊರಗೆ, ಬಾಲ್ಕನಿಗಲ್ಲ, ಹೊರಗೇ. ಅಳಿಯಂದಿರು ಸರಿ ಅಂದರು. ಅವರು ಸರಿ ಅಂದರೆ ಸರಿಯೇ, ಅದರಲ್ಲಿ ಎರಡನೆಯ ಮಾತಿಲ್ಲ.

ಆ ಪೆಟ್ಟಿಗೆಯ ಮರ್ಮ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಳಗಿರುವುದು ಕಂಪ್ಯೂಟರೇ. ಹತ್ತು ವರ್ಷದಿಂದ ಅವರು ಕೊಂಡ ಆಟಗಳೆಲ್ಲ ಅದರಲ್ಲೇ ಇವೆ, ಯಾವುದನ್ನೂ ಮತ್ತೆ ಕೊಳ್ಳಬೇಕಿಲ್ಲ. ಆದರೆ ನಡೆ ನುಡಿ ಮಾತ್ರ ಟಿವಿಗೆ ಹಾಕುವ ಆಟದ ಪೆಟ್ಟಿಗೆಯದು. ಕಂಟ್ರೋಲರ್ ಅಂತ ಎರಡು ಕೈಯಲ್ಲಿ ಹಿಡಿಯುವ ಒಂದು ವಸ್ತು, ಅದರ ನಡುವಿನ ಗುಂಡಿ ಒತ್ತಿದರೆ ಟಿವಿಯೂ ಏಳುತ್ತದೆ, ಪೆಟ್ಟಿಗೆಯೂ ಏಳುತ್ತದೆ, ನಿನ್ನೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಗೇ ತಂದು ನಿಲ್ಲಿಸುತ್ತದೆ. ಸೋಫಾದಿಂದ ನನ್ನ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರ. ಏಳಬೇಕಿಲ್ಲ, ಬಗ್ಗಬೇಕಿಲ್ಲ. ಮಂಡಿ ನೋವಿರುವವರು ಯಾರೋ ಕೂತು ಯೋಚಿಸಿ ಮಾಡಿದ ಹಾಗಿದೆ.

ಮೊದಲ ವಾರ ಮಗಳು ಕಾಲು ಚಾಚಿ ಬಟಾಣಿ ಸುಲಿಯುತ್ತ ನೋಡದವಳ ಹಾಗೆ ನೋಡಿದಳು. ಎರಡನೆಯ ವಾರ ಬಾಯಿ ಹಾಕತೊಡಗಿದಳು. ಒಂದು ದೋಣಿಯ ಆಟವಿತ್ತು. ಎಡಗಡೆಯ ಹುಟ್ಟು ಒಬ್ಬರ ಕೈಯಲ್ಲಿ, ಬಲಗಡೆಯದು ಇನ್ನೊಬ್ಬರ ಕೈಯಲ್ಲಿ, ಬಂಡೆಗೆ ಬಡಿಯದೆ ನದಿ ದಾಟಬೇಕು. ಅಳಿಯಂದಿರು ಎರಡನ್ನೂ ಒಬ್ಬರೇ ಆಡಿಸಲು ಹೋಗಿ ದೋಣಿ ಗಿರಗಿರನೆ ಸುತ್ತಿತು.

"ಅದು ಲಿಫ್ಟಲ್ಲ ಕಣ್ರೀ, ಬರೀ ಮೇಲೆ ಕೆಳಗೆ ಹೋಗೋಕೆ. ಕೊಡಿ ಇಲ್ಲಿ ಆ ಇನ್ನೊಂದನ್ನ."

ಬಟಾಣಿಯ ಬುಟ್ಟಿ ನನ್ನ ಮಡಿಲಿಗೆ ಬಂತು. ಅಂದಿನಿಂದ ದಿನಾ ಸಂಜೆ ಇಬ್ಬರೂ ಒಂದೇ ಸೋಫಾದಲ್ಲಿ. ಅವಳು ಬೈಯುವುದು, ಅವರು ನಗುವುದು. ಅವರು ನಗುವ ಸದ್ದನ್ನು ನಾನು ಸರಿಯಾಗಿ ಕೇಳಿದ್ದು ಆಗಲೇ. ಸ್ವಲ್ಪ ಬಿಕ್ಕಳಿಕೆಯ ಹಾಗೆ.

ಈಗ ಗವಸಿಗೆ ಬರುತ್ತೇನೆ. ಇಷ್ಟು ಒಳ್ಳೆಯದು ಮಾಡಿದ ಪೆಟ್ಟಿಗೆ ಬರಿಮೈಯಲ್ಲಿ ಧೂಳು ಕುಡಿಯುತ್ತ ಕೂತಿದ್ದರೆ ನನ್ನ ಕೈ ಸುಮ್ಮನಿರುತ್ತದೆಯೇ? ಆದರೆ ನಾನು ಬಂದ ದಿನವೇ ಮಗಳು ಹೇಳಿಬಿಟ್ಟಿದ್ದಳು, ಅಮ್ಮ, ನಿನ್ನ ಕೋಣೆಯಲ್ಲಿ ಏನು ಬೇಕಾದರೂ ಮಾಡಿಕೋ, ನನ್ನ ಹಾಲ್‌ ಉಣ್ಣೆ ಅಂಗಡಿಯಾಗಬಾರದು ಅಂತ. ಹಾಗಾಗಿ ಕದ್ದುಮುಚ್ಚಿ ಹೆಣೆದೆ. ಒಳ್ಳೆಯ ಮೆತ್ತನೆಯ ಜುಂಜು ಜುಂಜು ನೀಲಿ ಉಣ್ಣೆ. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೊರಟ ಮೇಲೆ ಹಾಕುವುದು, ಸಂಜೆ ಅವರು ಬರುವ ಮೊದಲು ತೆಗೆದು ದಿಂಬಿನ ಕೆಳಗೆ ಇಡುವುದು. ಹಗಲು ಪೆಟ್ಟಿಗೆ ಮಲಗಿರುತ್ತದೆ ಅಂತ ಅಳಿಯಂದಿರು ಅಂದಿದ್ದರು. ಮಲಗಿದವರಿಗೆ ಹೊದಿಸಿದರೆ ತಪ್ಪೇನು ಅಂದುಕೊಂಡೆ.

ಮೂರನೆಯ ವಾರ ಸದ್ದು ಶುರುವಾಯಿತು. ಮೊದಲು ಸೊಳ್ಳೆಯಷ್ಟು, ಆಮೇಲೆ ದುಂಬಿಯಷ್ಟು. ಅಳಿಯಂದಿರು ನೆಲದ ಮೇಲೆ ಉದ್ದಕ್ಕೆ ಮಲಗಿ ಪೆಟ್ಟಿಗೆಗೆ ಕಿವಿ ಕೊಟ್ಟರು. ಗೂಡಿನಿಂದ ಎರಡು ಬೆರಳು ಮುಂದೆ ಎಳೆದರು, ಕೆಳಗೆ ರಬ್ಬರ್ ತುಂಡು ಇಟ್ಟರು. ಲಿಫ್ಟಿನ ಸದ್ದಿಗೆ ಸೋಲದವರು ಇದಕ್ಕೆ ಸೋತರು. ನನ್ನ ಲೆಕ್ಕಾಚಾರದಲ್ಲೇ ಎಲ್ಲೋ ತಪ್ಪಿದೆ, ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಇಷ್ಟೆಲ್ಲ ತುಂಬಬಾರದಿತ್ತು ಅಂತ ಅವರು ಹೇಳಿಕೊಂಡಾಗಲೂ ನನಗೆ ಹೊಳೆಯಲಿಲ್ಲ ನೋಡು. ಪಾಪ ಪೆಟ್ಟಿಗೆಗೆ ಏನೋ ಶೀತವಾಗಿದೆ ಅಂದುಕೊಂಡು ಗವಸಿಗೆ ಇನ್ನೊಂದು ಸುತ್ತು ಹೆಣೆದೆ.

ಶುಕ್ರವಾರ ಮಗಳಿಗೆ ಕೌಂಟರಿನಲ್ಲಿ ಬಿಡುವೇ ಇಲ್ಲದ ದಿನ. ತಲೆ ಹಿಡಿದುಕೊಂಡು ಬಂದಳು. ಆದರೂ ಕಂಟ್ರೋಲರ್ ಕೈಗೆತ್ತಿಕೊಂಡಳು, ಅಂದು ನದಿಯ ಎರಡನೆಯ ತಿರುವು ದಾಟಲೇಬೇಕು ಅಂತ. ದೋಣಿ ತಿರುವಿಗೆ ಬಂತು, ಪೆಟ್ಟಿಗೆ ಗೊರಗೊರ ಅಂತ ಅರಚಿತು, ಟಿವಿ ಕಪ್ಪಾಯಿತು. ಮೂವರೂ ಕಪ್ಪು ಪರದೆಯಲ್ಲಿ ನಮ್ಮನಮ್ಮ ಮುಖ ನೋಡಿಕೊಂಡೆವು. ಮಗಳು ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟಳು. ಎಸೆದಿದ್ದರೂ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

"ರೀ, ಮಾತಂದ್ರೆ ಮಾತು."

"ಹೂಂ. ನನ್ನ ಜೊತೆ ಕೆಲಸ ಮಾಡೋ ಎಲೆಕ್ಟ್ರೀಷಿಯನ್ ಇದನ್ನ ಕೇಳ್ತಿದ್ದ. ಭಾನುವಾರ ಬಂದು ತಗೊಂಡ್ಹೋಗು ಅಂತೀನಿ."

ಆ ಶನಿವಾರ ಸೋಫಾದ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವರು. ಹಳೆಯ ಗೋಡೆ ಹಾಲ್‌ಗೇ ಬಂದು ಕೂತ ಹಾಗಿತ್ತು.

ಭಾನುವಾರ ಬೆಳಿಗ್ಗೆ, ಕೊಡುವ ವಸ್ತುವನ್ನು ಒರೆಸಿ ಕೊಡಬೇಕು ಅಂತ ಅಳಿಯಂದಿರು ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಬಿಚ್ಚಿದರು. ನಾನು ಎದುರಿಗೇ ಕೂತು ಹೆಣೆಯುತ್ತಿದ್ದೆ. ಮಗಳು ಅಡುಗೆಮನೆಯಲ್ಲಿದ್ದಳು. ಅವರು ಗಾಳಿ ಎಳೆದುಕೊಳ್ಳುವ ಕಡೆಯ ಜಾಲರಿ ತೆಗೆದರು. ಅದರ ಮೇಲೆ ದಪ್ಪನೆ ಕಂಬಳಿಯ ಹಾಗೆ ಕೂತಿತ್ತು ಉಣ್ಣೆಯ ಜುಂಜು. ನೀಲಿ. ಅವರು ಅದನ್ನು ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದರು. ಆಮೇಲೆ ನನ್ನ ಮಡಿಲಿನ ಉಂಡೆಯನ್ನು ನೋಡಿದರು. ಅದೂ ನೀಲಿ. ನನ್ನ ಮುಖ ಮಾತ್ರ ನೋಡಲಿಲ್ಲ. ಜುಂಜನ್ನು ಉಂಡೆ ಕಟ್ಟಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಅಡುಗೆಮನೆಯಿಂದ ಮಗಳು ಏನಾಗಿತ್ತಂತೆ ಅಂತ ಕೇಳಿದಳು.

"ಧೂಳು. ನಾನೇ ಸರಿಯಾಗಿ ನೋಡಿಕೊಂಡಿಲ್ಲ," ಅಂದರು.

ಮಲಗಿದ್ದರೂ ಅದು ಹಗಲೆಲ್ಲ ಒಳಗೊಳಗೇ ಇಂಟರ್‌ನೆಟ್ಟಿನಿಂದ ಆಟಗಳ ಹೊಸ ತುಣುಕು ತರಿಸಿಕೊಳ್ಳುತ್ತ, ಫ್ಯಾನು ತಿರುಗಿಸಿ ಉಸಿರಾಡುತ್ತಿರುತ್ತದೆ ಅಂತ ನನಗೆ ಆಮೇಲೆ ತಿಳಿಯಿತು. ಆದರೆ ಆ ಜೇಬಿಗೆ ಹೋದ ನೀಲಿಯನ್ನು ನೋಡಿದಾಗಲೇ ತಪ್ಪು ನನ್ನ ಗವಸಿನದು ಅಂತ ಗೊತ್ತಾಗಿತ್ತು. ಇನ್ನು ಸದ್ದು ಬರಲ್ಲ ಅಲ್ಲವೇ ಅಂತ ಪಿಸುಗುಟ್ಟಿದೆ. ಬರಲ್ಲ ಅತ್ತೆ, ಆದರೆ ಮಾತು ಕೊಟ್ಟಾಗಿದೆ ಅಂದು ಸ್ಕ್ರೂ ಬಿಗಿಯತೊಡಗಿದರು. ನೋಡು, ಒಂದೇ ಒಂದು ಮಾತು ಹೇಳಿದ್ದರೆ ಪೆಟ್ಟಿಗೆ ಉಳಿಯುತ್ತಿತ್ತು. ಆ ಮಾತು ನನ್ನ ಮೇಲಿನ ದೂರಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಕೋಣೆ ಕೊಟ್ಟಾಗಲೂ ಹೀಗೆಯೇ ಅಲ್ಲವೇ ಕೊಟ್ಟಿದ್ದು?

ಕೋಲು ಹಿಡಿದು ಕೋಣೆಗೆ ಹೋದೆ. ಹತ್ತು ಹೆಜ್ಜೆ ಅಷ್ಟು ದೂರ ಯಾವತ್ತೂ ಇರಲಿಲ್ಲ. ದಿಂಬಿನ ಕೆಳಗಿನಿಂದ ಗವಸು ತಂದು ಮೇಜಿನ ಮೇಲಿಟ್ಟು ಮಗಳನ್ನು ಕರೆದೆ. ಇದನ್ನು ದಿನಾ ಹಗಲು ಹೊದಿಸುತ್ತಿದ್ದವಳು ನಾನು, ಪೆಟ್ಟಿಗೆಯ ಉಸಿರು ಕಟ್ಟಿಸಿದ್ದೂ ನಾನೇ, ನಂಬಿಕೆ ಇಲ್ಲದಿದ್ದರೆ ನಿನ್ನ ಗಂಡನ ಜೇಬು ನೋಡು ಅಂದೆ.

ಮಗಳು ಸೌಟು ಕೆಳಗಿಟ್ಟು ಅವರ ಜೇಬಿಗೆ ಕೈಹಾಕಿದಳು. ಅಂಗೈ ಮೇಲೆ ಆ ನೀಲಿ ಉಂಡೆ ಇಟ್ಟುಕೊಂಡು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು.

"ಇದನ್ನ ಬಚ್ಚಿಟ್ಟು ಪೆಟ್ಟಿಗೇನ ಕೊಟ್ಬಿಡ್ತಿದ್ರಾ?"

"ಅತ್ತೆಗೆ ಮಂಡಿ ನೋವಿದೆ. ಅದರ ಜೊತೆಗೆ ಇದೊಂದು ಯಾಕೆ ಅಂತ."

ಅವಳು ಕುರ್ಚಿ ಎಳೆದು ಕೂತಳು. ಬೈಯುತ್ತಾಳೆ ಅಂತ ನಾನು ಕಾದೆ. ಅವಳ ಭುಜ ಅಲ್ಲಾಡಿತು, ನೋಡಿದರೆ ನಗು. ಕಣ್ಣೊರೆಸಿಕೊಂಡು ಗವಸನ್ನು ಎತ್ತಿ ಹಿಡಿದಳು.

"ಅಮ್ಮ, ಅದಕ್ಕೆ ಕಾಲರ್ ಬೇರೆ ಇಟ್ಟಿದ್ದೀಯಲ್ಲೇ."

ಚಳಿ ಅಂದುಕೊಂಡಿದ್ದೆ ಅಂದೆ. ಆಗ ಅಳಿಯಂದಿರಿಗೂ ಆ ಬಿಕ್ಕಳಿಕೆಯ ನಗು ಬಂತು. ಎಲೆಕ್ಟ್ರೀಷಿಯನ್ನಿಗೆ ಮಗಳೇ ಫೋನ್ ಮಾಡಿದಳು. ಬನ್ನಿ, ತಿಂಡಿ ತಿಂದು ಹೋಗಿ, ಪೆಟ್ಟಿಗೆ ಮಾತ್ರ ಕೇಳಬೇಡಿ ಅಂದಳು. ಪಾಪ, ಬಂದವನು ದೋಣಿಯ ಆಟ ನೋಡಿ, ತಾನೂ ಇಂಥದ್ದೊಂದು ಟಿವಿ ಕೆಳಗೆ ಇಡಬೇಕು, ಮಾಡಿಕೊಡಿ ಅಂತ ಹೇಳಿ ಹೋದ. ಅವನ ಪೆಟ್ಟಿಗೆಗೆ ಹಾಕಲು ಸ್ಕ್ರೂ ಎಣಿಸುವ ಕೆಲಸ ಈಗ ನನ್ನದು.

ನೀಲಿ ಗವಸು ಹಾಳಾಗಲಿಲ್ಲ. ಬಾಲ್ಕನಿಯಲ್ಲಿ ಹೊಟ್ಟೆ ಖಾಲಿಯಾಗಿ ನಿಂತಿದೆಯಲ್ಲ ಹಳೆಯ ದೊಡ್ಡ ಪೆಟ್ಟಿಗೆ, ಅದಕ್ಕೆ ಎರಡು ಮೊಳ ಸೇರಿಸಿ ಹಾಕಿದ್ದೇನೆ. ಉಸಿರಾಡದ ವಸ್ತುವಿಗೆ ಹಾಕಿಕೋ ಅಂತ ಮಗಳೇ ಅಪ್ಪಣೆ ಕೊಟ್ಟಿದ್ದಾಳೆ. ಬೆಳಿಗ್ಗೆ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಸಂಜೆ ಗುಂಡಿ ಒತ್ತುವ ಅಧಿಕಾರ ಮಾತ್ರ ನನ್ನದು. ಒತ್ತಿದ ಕೂಡಲೇ ಅಳಿಯಂದಿರು ಲಿಫ್ಟಿನಲ್ಲಿ ನಿಂತ ಹಾಗೆ ಟಿವಿ ಸ್ಟ್ಯಾಂಡಿಗೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ.

"ಅತ್ತೆ, ಕೇಳಿಸ್ತಾ?"

"ಇಲ್ಲಪ್ಪ, ಏನೂ ಇಲ್ಲ."

"ಹಾಗಾದ್ರೆ ಸರಿ."

ಮಗಳು ಅಷ್ಟರಲ್ಲಿ ಎಡಗಡೆಯ ಹುಟ್ಟು ಹಿಡಿದು ಕೂತಿರುತ್ತಾಳೆ. ಎರಡನೆಯ ತಿರುವು ಇನ್ನೂ ದಾಟಿಲ್ಲ. ನಿನ್ನೆ ಬಂಡೆಯವರೆಗೆ ಹೋಗಿದ್ದರು.