ಶಿಷ್ಯೆಯ ಸಮುದ್ರ

ಜಯಲಕ್ಷ್ಮಿಪುರಂನ ಈಜುಕೊಳವೊಂದರಲ್ಲಿ ನಾನು ಕೋಚ್. ನನ್ನ ಹತ್ತಿರವೇ ಈಜು ಕಲಿತ ರಮ್ಯ ಈಗ ಕರಾವಳಿಯಲ್ಲಿದ್ದಾಳೆ. ಸಮುದ್ರದೊಳಗೆ ಮುಳುಗಿ, ಹವಳಕ್ಕೆ ಸಿಕ್ಕಿಕೊಂಡ ಹಳೇ ಮೀನುಬಲೆಗಳನ್ನು ಕತ್ತರಿಸಿ ತೆಗೆಯುವುದು ಅವಳ ಕೆಲಸ. ಮೊನ್ನೆ ಊರಿಗೆ ಬಂದವಳು ಕೊಳದ ದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಅದರಲ್ಲಿ ಅವಳು ಕಾಲು ಅಲ್ಲಾಡಿಸದೆ ಹವಳದ ಮೇಲೆ ತೇಲುತ್ತಿದ್ದಳು; ಬಲೆಯಿಂದ ಬಿಡಿಸಿದ ಕಡಲಾಮೆಯೊಂದು ಅವಳ ಕೈಯಿಂದ ನೀಲಿಯೊಳಕ್ಕೆ ಜಾರಿಹೋಯಿತು. ನನ್ನ ಬ್ಯಾಚಿನವರೆಲ್ಲ ನೀರಿನಿಂದೆದ್ದು ಅವಳನ್ನು ಮುತ್ತಿಕೊಂಡಿದ್ದರು. ನನಗೆ ಹೊಟ್ಟೆ ಉರಿಯಿತು. ಸಮುದ್ರದಲ್ಲಿ ನಾನು ಮೊಣಕಾಲಿಗಿಂತ ಆಳಕ್ಕೆ ಇಳಿದವನೇ ಅಲ್ಲ.

"ಕಾಲು ಬಡಿಯೋದೇ ಮರೆತ್ಬುಟ್ಟಿದ್ದೀಯಲ್ಲಮ್ಮ," ಅಂದೆ.

"ಅಲ್ಲಿ ಹಂಗೆ ಬಡಿಯೋ ಹಾಗಿಲ್ಲ ಸಾರ್. ಒಂದು ಏಟು ತಗುಲಿದ್ರೂ ಹವಳ ಮುರಿದುಹೋಗುತ್ತೆ. ಮತ್ತೆ ಬೆಳೆಯೋಕೆ ವರ್ಷಗಟ್ಟಲೆ ಬೇಕು." ಆಮೇಲೆ ಮೆಲ್ಲಗೆ, "ನೀವೂ ಬನ್ನಿ ಸಾರ್, ನಾನು ಕಲಿಸ್ತೀನಿ," ಅಂದಳು.

ಕೆಣಕಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಇನ್ನೂ ಉರಿಯಿತು. "ನೋಡೋಣ" ಅಂದವನೇ ಸೀಟಿ ಊದಿ ಎಲ್ಲರನ್ನೂ ನೀರಿಗಿಳಿಸಿದೆ.

ಮುಂದಿನ ವಾರ ಹೊರಟಿದ್ದೇನೆ. ಮ್ಯಾನೇಜರಿಗೆ ಮಾತ್ರ ಸಂಬಂಧಿಕರ ಮದುವೆ ಅಂತ ಹೇಳಿದ್ದೇನೆ. ಈಜು ಕಲಿಸುವವನು ಈಜು ಕಲಿಯೋಕೆ ರಜೆ ಬೇಕು ಅಂತ ಯಾವ ಬಾಯಲ್ಲಿ ಕೇಳೋದು?